ಊರಿನಷ್ಟೇ ದೊಡ್ಡ ರೇಡಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾಲ್ಕು ಜನ ಸೇರಿ ಒಂದು ವ್ಯಾಟ್‌ನ ಪುಟ್ಟ ಎಫ್‌ಎಂ ಕೇಂದ್ರ ನಡೆಸುತ್ತೇವೆ. ಹವ್ಯಾಸಕ್ಕೆ ಅಷ್ಟೇ, ಸಂಪಾದನೆ ಇಲ್ಲ. ಯಾರು ಸಿಕ್ಕಿದರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಕಡಿಮೆ ಶಕ್ತಿಯ ರೇಡಿಯೋ ಅಂದರೆ ಎಷ್ಟು ವ್ಯಾಟ್?

ಒಂದೊಂದು ದೇಶದಲ್ಲಿ ಒಂದೊಂದು ಅಳತೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಶುರುವಾದ ಕಡಿಮೆ ಶಕ್ತಿಯ ಎಫ್‌ಎಂ ವರ್ಗಕ್ಕೆ 100 ವ್ಯಾಟ್ ಮಿತಿ. ನ್ಯೂಜಿಲೆಂಡ್‌ನಲ್ಲಿ ಒಂದು ವ್ಯಾಟ್. ಯುರೋಪಿನಲ್ಲಿ ಕಾರಿನೊಳಗೆ ಫೋನಿನ ಹಾಡು ಕೇಳಲು ಬಳಸುವ ಪುಟಾಣಿ ಟ್ರಾನ್ಸ್‌ಮಿಟರಿಗೆ 50 ನ್ಯಾನೋವ್ಯಾಟ್, ಅಂದರೆ ಒಂದು ವ್ಯಾಟ್‌ನ ಎರಡು ಕೋಟಿಯಲ್ಲಿ ಒಂದು ಪಾಲು. ದೊಡ್ಡ ಎಫ್‌ಎಂ ಕೇಂದ್ರಗಳು ಸಾವಿರಾರು ವ್ಯಾಟ್‌ನಲ್ಲಿ ಕೂಗುತ್ತವೆ. ನಾನಿಲ್ಲಿ ಹೇಳುವುದು ಅರ್ಧ ವ್ಯಾಟ್‌ನಿಂದ ಕೆಲವು ಹತ್ತು ವ್ಯಾಟ್‌ವರೆಗಿನ ಮಾತು.

ಲೈಸೆನ್ಸ್ ಇಲ್ಲದೆ ಸುಮ್ನೆ ಶುರು ಮಾಡಬಹುದಾ?

ಮಾಡಬೇಡಿ. ಮೊದಲು ನಿಮ್ಮ ದೇಶದ ನಿಯಮ ಓದಿ. ಕಾನೂನುಗಳು ಒಂದಕ್ಕೊಂದು ಹೋಲುವುದೇ ಇಲ್ಲ.

ನ್ಯೂಜಿಲೆಂಡ್ ಈ ಹವ್ಯಾಸಕ್ಕೆ ಹೆಚ್ಚು ಉದಾರ. ಎಫ್‌ಎಂ ಪಟ್ಟಿಯ (ಬ್ಯಾಂಡ್) ಕೆಳತುದಿ ಮತ್ತು ಮೇಲ್ತುದಿಯ ಹತ್ತಿರ ಒಂದಿಷ್ಟು ಜಾಗವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಒಂದು ವ್ಯಾಟ್ ಮೀರಬಾರದು, ನಿಮ್ಮನ್ನು ಹೇಗೆ ಸಂಪರ್ಕಿಸಬೇಕು ಅಂತ ಗಂಟೆಗೊಮ್ಮೆ ಹೇಳಬೇಕು. ಆ ಎರಡನೇ ನಿಯಮ ನನಗೆ ಬಹಳ ಇಷ್ಟ. ಯಾರಿಗಾದರೂ ತೊಂದರೆಯಾದರೆ ಯಾರನ್ನು ಕೇಳಬೇಕು ಅಂತ ರೇಡಿಯೋನೇ ಹೇಳುತ್ತದೆ.

ಅಮೆರಿಕದಲ್ಲಿ 100 ವ್ಯಾಟ್‌ನ ಲೈಸೆನ್ಸ್ ವ್ಯಕ್ತಿಗಳಿಗೆ ಸಿಗುವುದಿಲ್ಲ, ಲಾಭಕ್ಕಾಗಿ ನಡೆಸದ ಸಂಸ್ಥೆಗಳಿಗೆ ಮಾತ್ರ. ಲೈಸೆನ್ಸ್ ಇಲ್ಲದೆ ಮಾಡಬೇಕು ಅಂದರೆ ಎಫ್‌ಎಂನಲ್ಲಿ ಮೂರು ಮೀಟರ್ ದೂರದಲ್ಲಿ ಅಲೆಯ ಬಲ ಮೀಟರಿಗೆ 250 ಮೈಕ್ರೋವೋಲ್ಟ್ ಮೀರಬಾರದು. ಅದು ಹೆಚ್ಚೆಂದರೆ ಪಕ್ಕದ ಮನೆಗೆ ಮುಟ್ಟೀತು. ಎಎಂನಲ್ಲಿ 100 ಮಿಲಿವ್ಯಾಟ್, ಆಂಟೆನಾ ಮತ್ತು ಅದರ ತಂತಿಗಳೆಲ್ಲ ಸೇರಿ ಮೂರು ಮೀಟರ್ ಉದ್ದ.

ಭಾರತದಲ್ಲಿ ಸಮುದಾಯ ರೇಡಿಯೋ ನೀತಿ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಬಂತು. ಒಬ್ಬ ವ್ಯಕ್ತಿ ತನ್ನ ಹವ್ಯಾಸಕ್ಕಾಗಿ ಕೇಂದ್ರ ತೆರೆಯುವ ದಾರಿ ಅದರಲ್ಲಿ ಇಲ್ಲ. ಅರ್ಹ ಸಂಸ್ಥೆಯೊಂದರ ಜೊತೆ ಸೇರಿ ಕೆಲಸ ಮಾಡಬಹುದು.

ಜಪಾನಿನ ಕಥೆ ಬೇರೆ. 1980ರ ದಶಕದ ಮೊದಲಲ್ಲಿ ಅಲ್ಲಿ 'ಮಿನಿ ಎಫ್‌ಎಂ' ಹುಚ್ಚು ಹಬ್ಬಿತ್ತು. ಲೈಸೆನ್ಸ್ ಬೇಡದಷ್ಟು ದುರ್ಬಲ ಅಲೆಯಲ್ಲಿ ಯುವಕರು ತಮ್ಮ ಬೀದಿಗೆ ಮಾತ್ರ ಕೇಳುವ ಕೇಂದ್ರ ನಡೆಸುತ್ತಿದ್ದರು. ತೆತ್ಸುವೊ ಕೊಗಾವ ಎಂಬವರು ಅದರ ಮುಂದಾಳು. ಟ್ರಾನ್ಸ್‌ಮಿಟರನ್ನು ಕೈಯಾರೆ ಬೆಸುಗೆ ಹಾಕುವುದನ್ನೇ ಅವರು ಕಲೆಯ ಪ್ರದರ್ಶನದ ಹಾಗೆ ಮಾಡಿ ತೋರಿಸುತ್ತಿದ್ದರು.

'ಯಾರಿಗೆ ಗೊತ್ತಾಗುತ್ತೆ ಬಿಡಿ' ಅನ್ನುವವರಿಗೆ ಒಂದು ಮಾತು. ರೇಡಿಯೋ ಅಲೆ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಬಹಳ ಸುಲಭ. ನೀವೇ ನಿಮ್ಮ ಜಾಗವನ್ನು ಕೂಗಿ ಹೇಳುತ್ತಿರುತ್ತೀರಿ.

ನನ್ನ ಹತ್ತಿರ ಹ್ಯಾಮ್ ಲೈಸೆನ್ಸ್ ಇದೆ. ಅದರಲ್ಲೇ ಹಾಡು ಹಾಕಬಹುದಲ್ವಾ?

ಇಲ್ಲ. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ, ಅದು ಇರುವುದು ಹ್ಯಾಮ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು. ಸಾರ್ವಜನಿಕರಿಗೆ ಪ್ರಸಾರ ಮಾಡುವುದಕ್ಕೂ ಹಾಡು ಹಾಕುವುದಕ್ಕೂ ಅದರಲ್ಲಿ ಅವಕಾಶ ಇಲ್ಲ. ಆದರೆ ಹ್ಯಾಮ್ ಗೆಳೆಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಆಂಟೆನಾ ವಿಷಯದಲ್ಲಿ ಅವರಷ್ಟು ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಎಷ್ಟು ದೂರ ಕೇಳಿಸುತ್ತದೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಕೇಳಿ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ.

ಎಫ್‌ಎಂ ಅಲೆ ಹೆಚ್ಚು ಕಡಿಮೆ ನೇರವಾಗಿ ಹೋಗುತ್ತದೆ. ಆಂಟೆನಾ ನಿಂತ ಜಾಗದಿಂದ ಕಣ್ಣಿಗೆ ಕಾಣುವಷ್ಟು ದೂರ, ಅದಕ್ಕಿಂತ ಸ್ವಲ್ಪ ಮುಂದೆ. ಲೆಕ್ಕ ಬೇಕಾದರೆ ಹೀಗೆ ಮಾಡಿ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲ ಕಂಡುಹಿಡಿಯಿರಿ. ರೇಡಿಯೋ ಇರುವ ಎತ್ತರಕ್ಕೂ ಹಾಗೇ ಮಾಡಿ. ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರ್ ಲೆಕ್ಕ ಸಿಗುತ್ತದೆ. ಹತ್ತು ಮೀಟರ್ ಕಂಬ, ಕೇಳುವವರ ರೇಡಿಯೋ ಒಂದೂವರೆ ಮೀಟರ್ ಎತ್ತರದಲ್ಲಿ ಅಂದರೆ ಸುಮಾರು 18 ಕಿಲೋಮೀಟರ್.

ಖುಷಿ ಪಡಬೇಡಿ. ಅದು ದಿಗಂತದ ಲೆಕ್ಕ ಮಾತ್ರ. ಒಂದು ವ್ಯಾಟ್‌ನ ಅಲೆ ಅಷ್ಟು ದೂರ ಹೋಗುವಷ್ಟರಲ್ಲಿ ಸುಸ್ತಾಗಿ ಗದ್ದಲದಲ್ಲಿ ಮುಳುಗಿರುತ್ತದೆ. ಒತ್ತೊತ್ತಾಗಿ ಮನೆಗಳಿರುವ ಕಡೆ ಒಂದೆರಡು ಕಿಲೋಮೀಟರ್ ಚೆನ್ನಾಗಿ ಕೇಳಿದರೆ ನಿಮ್ಮ ಕೆಲಸ ಚೆನ್ನಾಗಿದೆ ಅಂತಲೇ ಅರ್ಥ. ಬಯಲಿನಲ್ಲಿ, ಕಾರಿನ ರೇಡಿಯೋದಲ್ಲಿ ಇನ್ನಷ್ಟು ದೂರ ಸಿಗುತ್ತದೆ. ಮನೆಯೊಳಗಿನ ಸಣ್ಣ ರೇಡಿಯೋದಲ್ಲಿ ಅದಕ್ಕಿಂತ ಕಡಿಮೆ.

'ಹಾಗಾದರೆ ಎರಡು ವ್ಯಾಟ್ ಹಾಕೋಣ' ಅಂತ ಮುಂದಿನ ಮಾತು ಬರುತ್ತದೆ. ಅಡ್ಡಿ ಏನೂ ಇಲ್ಲದ ಬಯಲಲ್ಲೂ ದೂರ ಎರಡು ಪಟ್ಟಾಗಲು ಶಕ್ತಿ ನಾಲ್ಕು ಪಟ್ಟಾಗಬೇಕು. ನೆಲಕ್ಕೆ ಹತ್ತಿರ ಇದ್ದರೆ ಹದಿನಾರು ಪಟ್ಟೂ ಬೇಕಾಗಬಹುದು. ಅದೇ ಸಮತಟ್ಟು ನೆಲದಲ್ಲಿ ಆಂಟೆನಾವನ್ನು ಎರಡರಷ್ಟು ಎತ್ತರಕ್ಕೆ ಏರಿಸಿದರೆ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಷ್ಟೇ ಲಾಭ. ನಿಯಮ ಒಪ್ಪುವಷ್ಟು ಎತ್ತರಕ್ಕೆ ಏರಿಸಿ, ಟ್ರಾನ್ಸ್‌ಮಿಟರನ್ನು ಮುಟ್ಟಬೇಡಿ.

ನಾವು ನಕ್ಷೆಯ ಮೇಲೆ ವೃತ್ತ ಎಳೆಯುವುದನ್ನು ಬಿಟ್ಟು ಬಹಳ ದಿನವಾಯಿತು. ಯಾವ ಬೀದಿಗೆ ಕೇಳಿಸಬೇಕು ಅಂತ ಮೊದಲು ಪಟ್ಟಿ ಮಾಡಿದೆವು. ಆಮೇಲೆ ಹಳೇ ರೇಡಿಯೋ ಹಿಡಿದು ಆ ಬೀದಿಗಳಲ್ಲಿ ನಡೆದೆವು. ಮೂರು ಸಂಜೆ ಹಿಡಿಯಿತು. ಒಂದು ದೊಡ್ಡ ಕಟ್ಟಡದ ಹಿಂದೆ ಅಲೆ ಪೂರ್ತಿ ಸತ್ತಿತ್ತು. ಆಂಟೆನಾವನ್ನು ನಾಲ್ಕು ಮೀಟರ್ ಪಕ್ಕಕ್ಕೆ ಸರಿಸಿದ್ದಕ್ಕೆ ಅರ್ಧ ಬೀದಿ ವಾಪಸ್ ಬಂತು.

ಎಎಂ ಒಳ್ಳೆಯದಾ, ಎಫ್‌ಎಂ ಒಳ್ಳೆಯದಾ?

ಎಫ್‌ಎಂ. ಆಂಟೆನಾ ಚಿಕ್ಕದು, ಸದ್ದು ಚೊಕ್ಕ, ಕೇಳುಗರ ಹತ್ತಿರ ರೇಡಿಯೋ ಇರುತ್ತದೆ.

ಎಎಂನಲ್ಲಿ ಅಲೆಯ ಉದ್ದವೇ ನೂರಾರು ಮೀಟರ್. ಮೂರು ಮೀಟರ್ ತಂತಿ ಅದಕ್ಕೆ ಏನೇನೂ ಸಾಲದು. ಕೊಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಕತ್ತಲಾದ ಮೇಲೆ ಇನ್ನೊಂದು ತಾಪತ್ರಯ. ಹಗಲಿನಲ್ಲಿ ಎಎಂ ಅಲೆಯನ್ನು ಹೀರಿಕೊಳ್ಳುವ ವಾತಾವರಣದ ಪದರ ರಾತ್ರಿ ಕರಗುತ್ತದೆ. ಆಗ ನೂರಾರು ಕಿಲೋಮೀಟರ್ ಆಚೆಯ ಕೇಂದ್ರಗಳು ಆಕಾಶಕ್ಕೆ ಬಡಿದು ನಿಮ್ಮ ಮೇಲೆ ಬಂದು ಬೀಳುತ್ತವೆ. ಆದರೂ ಎಎಂಗೆ ಅದರದೇ ಸೊಗಸಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಹುಡುಗರು 1936ರಲ್ಲಿ ತಮ್ಮ ಹಾಸ್ಟೆಲ್‌ಗಳ ನಡುವೆ ತಂತಿ ಎಳೆದು ಪುಟ್ಟ ಎಎಂ ಕೇಂದ್ರ ನಡೆಸಿದರು. ಮುಂದೆ ಬೇರೆ ಕಾಲೇಜುಗಳೂ ಕಟ್ಟಡದ ಕರೆಂಟಿನ ತಂತಿಯಲ್ಲೇ ಎಎಂ ಅಲೆ ಹರಿಸಿ ಕೇಂದ್ರಗಳನ್ನು ನಡೆಸಿದವು. ಒಂದೇ ಕಟ್ಟಡಕ್ಕೆ ಸಾಕು ಅನ್ನುವವರು ಇದನ್ನು ಯೋಚಿಸಬಹುದು.

ಫ್ರೀಕ್ವೆನ್ಸಿ ಆರಿಸುವುದು ಹೇಗೆ?

ಲೈಸೆನ್ಸ್ ಕೊಡುವವರೇ ಗೊತ್ತುಮಾಡಿದರೆ ಪ್ರಶ್ನೆಯೇ ಇಲ್ಲ. ಆಯ್ಕೆ ನಿಮ್ಮದಾದರೆ ಎರಡು ವಾರವಾದರೂ ಬರೀ ಕೇಳಿ. ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ. ಖಾಲಿ ಅನಿಸಿದ ಜಾಗದಲ್ಲಿ ಸಂಜೆ ಹೊತ್ತು ದೂರದ ಕೇಂದ್ರ ತೇಲಿ ಬರಬಹುದು. ಕಂಪ್ಯೂಟರಿಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಕಡ್ಡಿ ಇದ್ದರೆ ಇಡೀ ಪಟ್ಟಿ ಚಿತ್ರದ ಹಾಗೆ ಕಾಣುತ್ತದೆ.

ಜೋರಾದ ಕೇಂದ್ರದ ಪಕ್ಕದಲ್ಲೇ ಕೂರಬೇಡಿ. 0.4 ಮೆಗಾಹರ್ಟ್ಸ್ ಅಂತರ ಇದ್ದರೆ ನೆಮ್ಮದಿ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಬಹುಪಾಲು ಎಫ್‌ಎಂ ರೇಡಿಯೋಗಳು ಒಳಗೆ 10.7 ಮೆಗಾಹರ್ಟ್ಸ್ ಬಳಸುತ್ತವೆ. ಹತ್ತಿರದ ಜೋರು ಕೇಂದ್ರಕ್ಕೂ ನಿಮಗೂ ಸರಿಯಾಗಿ ಅಷ್ಟೇ ಅಂತರ ಬಂದರೆ ಕೆಲವು ರೇಡಿಯೋಗಳು ತಬ್ಬಿಬ್ಬಾಗುತ್ತವೆ. ಆ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ.

ಬೇರೆ ಕೇಂದ್ರದ ಮೇಲೆಯೇ ಕೂತು ಗೆಲ್ಲುತ್ತೇನೆ ಅನ್ನಬೇಡಿ. ಎಫ್‌ಎಂ ರೇಡಿಯೋ ಎರಡು ಅಲೆಗಳಲ್ಲಿ ಜೋರಾದದ್ದನ್ನು ಹಿಡಿದು ಇನ್ನೊಂದನ್ನು ಪೂರ್ತಿ ಒದ್ದು ಹಾಕುತ್ತದೆ. ಒದೆ ತಿನ್ನುವವರು ನೀವೇ.

ಆಂಟೆನಾ ನಾವೇ ಮಾಡಬಹುದಾ?

ಖಂಡಿತ. ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಇದೇ. 100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಮೂರು ಮೀಟರ್. ಅರ್ಧ ಅಲೆಯ ಡೈಪೋಲ್ (ಎರಡು ತೋಳಿನ ಆಂಟೆನಾ) ಮಾಡಲು 142.5 ಅನ್ನು ನಿಮ್ಮ ಮೆಗಾಹರ್ಟ್ಸ್‌ನಿಂದ ಭಾಗಿಸಿ. 100 ಮೆಗಾಹರ್ಟ್ಸ್‌ಗೆ 1.425 ಮೀಟರ್ ಬರುತ್ತದೆ. ಅಂದರೆ 71 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕೊಳವೆ, ನಡುವೆ ಪ್ಲಾಸ್ಟಿಕ್ ತುಂಡು, ಅಲ್ಲಿಂದ ಕೇಬಲ್. ನೇರ ನಿಲ್ಲಿಸಿದರೆ ಸುತ್ತಲೂ ಒಂದೇ ಸಮ ಹರಡುತ್ತದೆ. ಕೊಳವೆಯನ್ನು ಲೆಕ್ಕಕ್ಕಿಂತ ಎರಡು ಸೆಂಟಿಮೀಟರ್ ಹೆಚ್ಚೇ ಬಿಟ್ಟು ಕತ್ತರಿಸಿ. ಕತ್ತರಿಸಿದ್ದನ್ನು ಅಂಟಿಸಲಾಗುವುದಿಲ್ಲ.

ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಹಾಕಿ ನೋಡಿ. ಆಂಟೆನಾ ಎಷ್ಟು ಶಕ್ತಿಯನ್ನು ಒಪ್ಪದೆ ವಾಪಸ್ ಕಳಿಸುತ್ತಿದೆ ಅಂತ ಅದು ಹೇಳುತ್ತದೆ. 1.5ರ ಒಳಗಿದ್ದರೆ ವಾಪಸ್ ಬರುವುದು ನೂರಕ್ಕೆ ನಾಲ್ಕು. 3 ಬಂದರೆ ಕಾಲು ಭಾಗವೇ ಹಿಂದಕ್ಕೆ. ಹಾಗೆ ವಾಪಸ್ ಬಂದ ಶಕ್ತಿ ಟ್ರಾನ್ಸ್‌ಮಿಟರಿನ ಕೊನೆಯ ಟ್ರಾನ್ಸಿಸ್ಟರನ್ನು ಸುಡಬಹುದು. ಅದಕ್ಕೇ ಆಂಟೆನಾ ಸಿಕ್ಕಿಸದೆ ಯಾವತ್ತೂ ಸ್ವಿಚ್ ಹಾಕಬೇಡಿ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಆಂಟೆನಾ ಬದಲು ಶಕ್ತಿಯನ್ನು ನುಂಗಿಕೊಳ್ಳುವ 50 ಓಮ್‌ನ ಡಮ್ಮಿ ಲೋಡ್ ಹಾಕಿ.

ಕೇಬಲ್‌ಗೆ ಜಿಪುಣತನ ಮಾಡಬೇಡಿ. ತೆಳ್ಳಗಿನ ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ 100 ಮೆಗಾಹರ್ಟ್ಸ್‌ನಲ್ಲಿ ಸುಮಾರು ಅರ್ಧ ಶಕ್ತಿ ದಾರಿಯಲ್ಲೇ ಹೋಗುತ್ತದೆ. ದಪ್ಪದ ಆರ್‌ಜಿ-213 ಹಾಕಿದರೆ ಕಾಲು ಭಾಗದಷ್ಟು ಮಾತ್ರ. ಇನ್ನೂ ಒಳ್ಳೆಯದು ಅಂದರೆ ಟ್ರಾನ್ಸ್‌ಮಿಟರನ್ನೇ ಆಂಟೆನಾ ಹತ್ತಿರ ಇಟ್ಟು, ಸ್ಟುಡಿಯೋದಿಂದ ಸದ್ದಿನ ತಂತಿ ಎಳೆಯುವುದು.

ನನ್ನ ಮೊದಲ ಆಂಟೆನಾ ಎರಡು ತಿಂಗಳು ಚೆನ್ನಾಗಿತ್ತು. ಒಂದು ಜೋರು ಮಳೆ ಬಂತು, ಮಾರನೇ ದಿನ ಬೀದಿಯ ತುದಿಯಲ್ಲೇ ಸದ್ದಿಲ್ಲ. ಟ್ರಾನ್ಸ್‌ಮಿಟರ್ ಬಿಚ್ಚಿದೆ, ಕಂಪ್ಯೂಟರ್ ಬದಲಿಸಿದೆ, ಸದ್ದು ಬೆರೆಸುವ ಮಿಕ್ಸರನ್ನು ಬೈದೆ. ಕೊನೆಗೆ ಮೇಲಿನ ಕನೆಕ್ಟರ್ ಬಿಚ್ಚಿದರೆ ಕೇಬಲ್ ಒಳಗಿಂದ ನೀರು ತೊಟ್ಟಿಕ್ಕಿತು. ನಾನು ಟೇಪ್ ಸುತ್ತಿರಲಿಲ್ಲ, ಅಷ್ಟೇ. ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ, ಅದನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ. ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಕಡೆ ಜೋತುಬೀಳಲಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕಂಬ ಏರಿಸುವಾಗ ಏನು ನೋಡಿಕೊಳ್ಳಬೇಕು?

ಕರೆಂಟಿನ ತಂತಿ. ಕಂಬ ಯಾವ ಕಡೆ ಬಿದ್ದರೂ ತಂತಿಗೆ ತಗುಲಬಾರದು, ಅಷ್ಟು ದೂರ ಇರಬೇಕು. ಇದರಲ್ಲಿ ರಾಜಿ ಬೇಡ. ಒಬ್ಬರೇ ಏರಿಸಬೇಡಿ, ಗಾಳಿಯಿದ್ದರೆ ಏರಿಸಲೇ ಬೇಡಿ. ಕಂಬಕ್ಕೆ ದಪ್ಪ ತಂತಿಯಲ್ಲಿ ಅರ್ಥಿಂಗ್ ಕೊಡಿ. ಕೇಬಲ್‌ಗೆ ಸಿಡಿಲು ತಡೆಯುವ ಅರೆಸ್ಟರ್ ಹಾಕಿ. ಆದರೂ ಗುಡುಗು ಕೇಳಿಸಿದರೆ ಪ್ರಸಾರ ನಿಲ್ಲಿಸಿ ಕೇಬಲ್ ಬಿಚ್ಚಿಡಿ. ಬಿಚ್ಚುವುದು ಗುಡುಗು ಹತ್ತಿರ ಬರುವ ಮುಂಚೆ, ತಲೆಯ ಮೇಲೆ ಬಂದಾಗ ಅಲ್ಲ.

ಅಗ್ಗದ ಟ್ರಾನ್ಸ್‌ಮಿಟರ್ ಸಾಕಾಗುತ್ತಾ?

ಶಕ್ತಿಗೆ ಸಾಕು, ಶುದ್ಧಿಗೆ ಸಾಲದಿರಬಹುದು. ಎಫ್‌ಎಂ ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅಲ್ಲಿಂದಲೇ ವಿಮಾನಗಳ ಪಟ್ಟಿ ಶುರು. ಕೆಟ್ಟ ಟ್ರಾನ್ಸ್‌ಮಿಟರ್ ತನ್ನ ಜಾಗದಲ್ಲಿ ಮಾತ್ರ ಇರದೆ ಅಕ್ಕಪಕ್ಕಕ್ಕೂ ಚೆಲ್ಲುತ್ತದೆ. ಜೊತೆಗೆ 100 ಮೆಗಾಹರ್ಟ್ಸ್‌ನಲ್ಲಿ ಕೂತದ್ದು 200ರಲ್ಲೂ 300ರಲ್ಲೂ ಸಣ್ಣದಾಗಿ ಕೂಗುತ್ತಿರುತ್ತದೆ. ಅದನ್ನು ತಡೆಯಲು ಲೋ ಪಾಸ್ ಫಿಲ್ಟರ್ ಬೇಕು. ಫ್ರೀಕ್ವೆನ್ಸಿ ಅಲುಗಾಡದಿರಲು ಪಿಎಲ್‌ಎಲ್ ಎಂಬ ಸರ್ಕ್ಯೂಟ್ ಇರಬೇಕು. ಇವೆರಡೂ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಆಂಟೆನಾಕ್ಕೆ ಸಿಕ್ಕಿಸಬೇಡಿ.

ಟ್ರಾನ್ಸ್‌ಮಿಟರಿನ ಮೆನುವಿನಲ್ಲಿ ಪ್ರೀ-ಎಂಫಸಿಸ್ ಅಂತ ಒಂದು ಆಯ್ಕೆ ಇರುತ್ತದೆ, ಅಂದರೆ ಕಳಿಸುವ ಮುಂಚೆ ಕೀಚಲು ಸದ್ದನ್ನು ಎಷ್ಟು ಏರಿಸಬೇಕು ಅನ್ನುವುದು. ಅಮೆರಿಕದಲ್ಲಾದರೆ 75 ಮೈಕ್ರೋಸೆಕೆಂಡ್, ಪ್ರಪಂಚದ ಬಹುಪಾಲು ಕಡೆ 50. ತಪ್ಪಾದರೆ ಸದ್ದು ಕೀರಲು ಇಲ್ಲವೇ ಮಂಕು ಅನಿಸುತ್ತದೆ.

ಸ್ಟೀರಿಯೋ ಬೇಕಾ?

ಬೇಡ. ಸ್ಟೀರಿಯೋದಲ್ಲಿ ಅದೇ ಅಲೆ ಹೆಚ್ಚು ಸರಕು ಹೊರಬೇಕು. ದುರ್ಬಲ ಅಲೆಯಾದರೆ 'ಸ್' ಅನ್ನುವ ಗದ್ದಲ ವಿಪರೀತ ಏರುತ್ತದೆ. ಮೋನೋ ಮಾಡಿದ ದಿನವೇ ನಮ್ಮ ಕೇಂದ್ರ ಇನ್ನೂ ಎರಡು ಬೀದಿಗೆ ಚೊಕ್ಕವಾಗಿ ಕೇಳಿಸಿತು. ಒಂದು ಪೈಸೆ ಖರ್ಚಿಲ್ಲ.

ಸದ್ದಿನಲ್ಲಿ 'ಗುಂಯ್' ಅಂತ ಬರುತ್ತದೆ, ಏನು ಮಾಡಲಿ?

ಮೊದಲು ಟ್ರಾನ್ಸ್‌ಮಿಟರ್ ಆಫ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಆಗಲೂ ಗುಂಯ್ ಅಂದರೆ ಕರೆಂಟಿನ ಹಮ್. ಮಿಕ್ಸರ್, ಕಂಪ್ಯೂಟರ್, ಟ್ರಾನ್ಸ್‌ಮಿಟರ್ ಎಲ್ಲವನ್ನೂ ಒಂದೇ ಪ್ಲಗ್ ಪಟ್ಟಿಗೆ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಟ್ರಾನ್ಸ್‌ಮಿಟರ್ ಆನ್ ಮಾಡಿದಾಗ ಮಾತ್ರ ಬಂದರೆ ನಿಮ್ಮದೇ ಅಲೆ ನಿಮ್ಮ ಮೈಕ್ ತಂತಿಯೊಳಗೆ ನುಗ್ಗುತ್ತಿದೆ. ಎಕ್ಸ್‌ಎಲ್‌ಆರ್ ತಂತಿ (ಮೂರು ಪಿನ್ನಿನ ಮೈಕ್ ತಂತಿ) ಬಳಸಿ, ತಂತಿಗಳಿಗೆ ಫೆರೈಟ್ ಉಂಗುರ ಹಾಕಿ, ಆಂಟೆನಾವನ್ನು ಸ್ಟುಡಿಯೋದಿಂದ ದೂರ ಮಾಡಿ.

ಸ್ಟುಡಿಯೋಗೆ ಏನೇನು ಬೇಕು?

ಒಂದು ಡೈನಾಮಿಕ್ ಮೈಕ್, ಚಿಕ್ಕ ಮಿಕ್ಸರ್, ಹಳೇ ಕಂಪ್ಯೂಟರ್, ಹೆಡ್‌ಫೋನ್. ಕಂಡೆನ್ಸರ್ ಮೈಕ್ ಬೇಡ, ಅದು ಪಕ್ಕದ ರೂಮಿನ ಫ್ಯಾನನ್ನೂ ಬಿಡದೆ ಹಿಡಿಯುತ್ತದೆ. ಬಟ್ಟೆ ತುಂಬಿದ ಬೀರು ಇರುವ ಕೋಣೆ, ನೆಲಕ್ಕೆ ಕಂಬಳಿ, ಇಷ್ಟಿದ್ದರೆ ಪ್ರತಿಧ್ವನಿ ಅಡಗುತ್ತದೆ.

ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಮಾತ್ರ ಬೇಕೇ ಬೇಕು. ಸದ್ದು ಮಿತಿ ಮೀರಿದರೆ ಎಫ್‌ಎಂ ಅಲೆ ಪಕ್ಕಕ್ಕೆ ಹಿಗ್ಗಿ ನೆರೆಯ ಕೇಂದ್ರದ ಮೇಲೆ ಬೀಳುತ್ತದೆ. ಎರಡೂ ಬದಿಗೆ 75 ಕಿಲೋಹರ್ಟ್ಸ್ ಅಂತ ಲೆಕ್ಕ. ಯಾರೋ ಮೈಕಿನ ಮುಂದೆ ಜೋರಾಗಿ ನಕ್ಕರೂ ಅದು ಮೀರಬಾರದು.

ದಿನಕ್ಕೆ 24 ಗಂಟೆ ನಡೆಸಬೇಕಾ?

ಲೈಸೆನ್ಸ್ ಕೇಳದಿದ್ದರೆ ಬೇಡ. ಹೊಸಬರು ಮೊದಲ ವಾರ ಎಂಟು ಗಂಟೆ ಮಾತಾಡಿ ಮೂರನೇ ವಾರ ಮಾಯವಾಗುತ್ತಾರೆ. ದಿನಾ ಸಂಜೆ ಒಂದೇ ಗಂಟೆ ಇರಲಿ, ಆದರೆ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗಲಿ.

ಉಳಿದ ಹೊತ್ತಿಗೆ ಕಂಪ್ಯೂಟರನ್ನು ಬಿಡಬಹುದು. ಹಾಡಿನ ಪಟ್ಟಿ ನುಡಿಸುವ ತಂತ್ರಾಂಶಗಳಾದ ರೇಡಿಯೋಡಿಜೆ, ಮಿಕ್ಸ್, ಲಿಬ್ರೆಟೈಮ್ ಎಲ್ಲವೂ ಪುಕ್ಕಟೆ. ಒಮ್ಮೆ ನಾವು ಹಾಗೆ ಬಿಟ್ಟು ಹೋದಾಗ ಕಂಪ್ಯೂಟರ್ ತಾನಾಗಿ ಅಪ್‌ಡೇಟ್ ಆಗಿ ಮತ್ತೆ ಶುರುವಾಯಿತು. ಹಾಡಿನ ಪಟ್ಟಿ ಶುರುವಾಗಲಿಲ್ಲ. ಆರು ಗಂಟೆ ಬರೀ ಮೌನ ಪ್ರಸಾರ ಮಾಡಿದೆವು. ಎರಡು ದಿನ ಬಿಟ್ಟು ಒಬ್ಬರು 'ಮೊನ್ನೆ ಯಾಕೆ ಸುಮ್ಮನಿದ್ರಿ?' ಅಂದರು. ಒಬ್ಬರೇ ಕೇಳಿದರಲ್ಲ ಅನ್ನುವುದೇ ಜಾಸ್ತಿ ಚುಚ್ಚಿತು. ಈಗ ಅರ್ಧ ನಿಮಿಷ ಸದ್ದಿಲ್ಲದಿದ್ದರೆ ಬೇರೆ ಹಾಡಿನ ಪಟ್ಟಿಗೆ ಹೊರಳುವಂತೆ ಲಿಕ್ವಿಡ್‌ಸೋಪ್ ಎಂಬ ತಂತ್ರಾಂಶದಲ್ಲಿ ಬರೆದಿಟ್ಟಿದ್ದೇವೆ.

ಏನು ಪ್ರಸಾರ ಮಾಡುವುದು?

ದೊಡ್ಡ ಕೇಂದ್ರಕ್ಕೆ ಆಗದ್ದನ್ನು. ಹಿಟ್ ಹಾಡು ಎಲ್ಲಾ ಕಡೆ ಸಿಗುತ್ತದೆ. ನಾಳೆ ಯಾವ ಬೀದಿಗೆ ನೀರು ಬರಲ್ಲ, ಯಾರ ನಾಯಿ ಕಳೆದುಹೋಗಿದೆ, ಶಾಲೆಯ ಮಕ್ಕಳು ಬರೆದ ಕಥೆ, ನಲವತ್ತು ವರ್ಷ ಅಂಚೆ ಹಂಚಿದವರ ನೆನಪು, ಇವು ಬೇರೆಲ್ಲೂ ಸಿಗುವುದಿಲ್ಲ.

ನಾನು ಮೊದಲು ದೊಡ್ಡ ರೇಡಿಯೋದವರ ಹಾಗೆ ದನಿ ಏರಿಸಿ ಮಾತಾಡುತ್ತಿದ್ದೆ. ಹೆಂಡತಿ ಒಂದು ದಿನ, 'ಯಾರ ಜೊತೆ ಮಾತಾಡ್ತಿದ್ದೀರಿ ಅದು?' ಅಂದಳು. ಕೇಳುವವರು ಮೂರು ಬೀದಿ ಆಚೆ ಇದ್ದಾರೆ, ನಾಳೆ ಎದುರು ಸಿಗುತ್ತಾರೆ. ಎದುರು ಸಿಕ್ಕರೆ ಹೇಗೆ ಮಾತಾಡುತ್ತೀರೋ ಹಾಗೆ ಮಾತಾಡಿ. ಅದೇ ಕಾರಣಕ್ಕೆ ಗಾಳಿಸುದ್ದಿ ಬೇಡ. ಖಚಿತ ಮಾಡಿಕೊಳ್ಳದೆ ಸಾವಿನ ಸುದ್ದಿ ಓದಲೇಬೇಡಿ. ತಪ್ಪಾಗಿದ್ದರೆ ಅದೇ ಹೊತ್ತಿಗೆ, ಅದೇ ದನಿಯಲ್ಲಿ ತಿದ್ದಿ ಹೇಳಿ.

ಹಾಡು ಹಾಕಲು ಅನುಮತಿ ಬೇಕಾ?

ಬೇಕು. ಪ್ರಸಾರದ ಲೈಸೆನ್ಸ್ ಬೇರೆ, ಹಾಡಿನ ಹಕ್ಕು ಬೇರೆ. ಸಾಹಿತ್ಯ, ಸಂಗೀತ ರಚಿಸಿದವರದು ಒಂದು ಹಕ್ಕು, ಧ್ವನಿಮುದ್ರಣ ಮಾಡಿದವರದು ಇನ್ನೊಂದು. ದುಡ್ಡು ಕೊಟ್ಟು ಕೊಂಡ ಸಿಡಿಯಾದರೂ ಪ್ರಸಾರದ ಹಕ್ಕು ಜೊತೆಗೆ ಬರುವುದಿಲ್ಲ. ಕಷ್ಟ ಅನಿಸಿದರೆ ನಿಮ್ಮ ಸುತ್ತಮುತ್ತ ಹಾಡುವವರನ್ನು ಕರೆದು, ಅವರ ಸ್ವಂತ ಹಾಡುಗಳನ್ನು ಮುದ್ರಿಸಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಹಳೇ ಪದ್ಯ ಅಂದಮಾತ್ರಕ್ಕೆ ಹಳೇ ರೆಕಾರ್ಡಿಂಗ್ ಹಾಕಬಹುದು ಅಂದುಕೊಳ್ಳಬೇಡಿ.

ಪಕ್ಕದ ಮನೆಯವರು ಟಿವಿ ಕೆಟ್ಟಿತು ಅಂತ ಜಗಳಕ್ಕೆ ಬಂದಿದ್ದಾರೆ. ತಪ್ಪು ನನ್ನದಾ?

ಇರಬಹುದು, ಇಲ್ಲದಿರಬಹುದು. ವಾದ ಮಾಡದೆ ಅವರ ಮನೆಗೆ ಹೋಗಿ, ಅವರ ಎದುರೇ ಫೋನ್ ಮಾಡಿ ನಿಮ್ಮವರಿಗೆ ಪ್ರಸಾರ ನಿಲ್ಲಿಸಲು ಹೇಳಿ. ಟಿವಿ ಸರಿಹೋದರೆ ತಪ್ಪು ನಿಮ್ಮದು, ಫಿಲ್ಟರ್ ನೋಡಿ. ಸರಿಹೋಗದಿದ್ದರೆ ಅವರೇ ಕಣ್ಣಾರೆ ನೋಡಿದ್ದಾರಲ್ಲ. ದೂರು ಬಂದ ದಿನ, ಹೊತ್ತು, ನೀವು ಮಾಡಿದ ಪರೀಕ್ಷೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ.

ವಿಕಿರಣದಿಂದ ಆರೋಗ್ಯ ಕೆಡುತ್ತಾ?

ಒಂದೆರಡು ವ್ಯಾಟ್ ಅಂದರೆ ಮೊಬೈಲ್ ಫೋನಿನ ಆಸುಪಾಸು. ಆಂಟೆನಾ ಕಂಬದ ತುದಿಯಲ್ಲಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಪ್ರಸಾರ ನಡೆಯುತ್ತಿರುವಾಗ ಆಂಟೆನಾ ಮುಟ್ಟಬೇಡಿ, ಅಷ್ಟೇ.

ಇಂಟರ್ನೆಟ್ ಇರುವಾಗ ಇದೆಲ್ಲ ಯಾಕೆ?

ಲೈಸೆನ್ಸ್ ಸಿಗದವರಿಗೆ ಇಂಟರ್ನೆಟ್ಟೇ ದಾರಿ. ಇಂಟರ್ನೆಟ್‌ನಲ್ಲಿ ಸದ್ದು ಹರಿಸುವ ಐಸ್‌ಕಾಸ್ಟ್ ತಂತ್ರಾಂಶ ಹಾಕಿ ಶುರು ಮಾಡಿ, ಹಾಡಿನ ಹಕ್ಕಿನ ಮಾತು ಅಲ್ಲೂ ಇದೆ. ಲೈಸೆನ್ಸ್ ಇದ್ದವರು ಎರಡನ್ನೂ ಮಾಡಬಹುದು. ನಾವೂ ಮಾಡುತ್ತೇವೆ. ಇಂಟರ್ನೆಟ್‌ನಲ್ಲಿ ಎಷ್ಟು ಜನ ಕೇಳುತ್ತಿದ್ದಾರೆ ಅಂತ ಅಂಕಿ ಕಾಣುತ್ತದೆ, ಎಫ್‌ಎಂನಲ್ಲಿ ಕಾಣುವುದಿಲ್ಲ. ಆದರೆ ಕರೆಂಟ್ ಹೋಗಿ ನೆಟ್‌ವರ್ಕ್ ಬಿದ್ದ ರಾತ್ರಿ ನಮ್ಮ ಕಾರಿನ ಬ್ಯಾಟರಿಯಿಂದ ಟ್ರಾನ್ಸ್‌ಮಿಟರ್ ನಡೆಯುತ್ತಿತ್ತು. ಯಾವ ಬೀದಿಯಲ್ಲಿ ಮರ ಬಿದ್ದಿದೆ ಅಂತ ಓದುತ್ತಾ ಕೂತಿದ್ದೆವು. ಕೇಳುತ್ತಿದ್ದವರು ಎಷ್ಟು ಜನ ಅಂತ ಈಗಲೂ ಗೊತ್ತಿಲ್ಲ. ನಾವು ಓದಿರದ ಎರಡು ಬೀದಿಗಳ ಹೆಸರನ್ನು ಯಾರೋ ಚೀಟಿಯಲ್ಲಿ ಬರೆದು ಬಾಗಿಲ ಕೆಳಗೆ ತೂರಿಸಿ ಹೋಗಿದ್ದರು. ಅವನ್ನೂ ಓದಿದೆವು.